ಬಸ್ ನಿಲ್ದಾಣದಲ್ಲಿ ಅನಾಥಳಾದ ನನ್ನ ಮುಖ

ಚಿತ್ರಗಳನ್ನು ಮಾರುವ ಕಂಪನಿಯ ಮಾನ್ಯ ಯಜಮಾನರೇ,

ತಾವೂ ತಮ್ಮ ಮನೆಯವರೂ ತಮ್ಮ ಕಂಪ್ಯೂಟರುಗಳೂ ಕ್ಷೇಮವೆಂದು ನಂಬಿ, ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು ದಾಟದ ಮುದುಕಿಯೊಬ್ಬಳು ಕೈ ಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ದಯೆಯಿಂದ ನಾನೀಗ ಅನಾಥೆ. ತುಂಬಿದ ಮನೆಯಲ್ಲಿ ಕೂತು, ಹೊತ್ತು ಹೊತ್ತಿಗೆ ಉಂಡು ಅನಾಥಳಾಗುವ ಭಾಗ್ಯ ಎಲ್ಲರಿಗೂ ಬರುವಂಥದ್ದಲ್ಲ.

ನನ್ನ ಮೊಮ್ಮಗಳು ಗ್ರಾಫಿಕ್ ಡಿಸೈನರು. ಪೋಸ್ಟರು, ಡಬ್ಬಿಯ ಲೇಬಲ್ಲು ಮಾಡುವವಳು. ಬಿಡುವಾದಾಗ ಫೋಟೋ ತೆಗೆದು ತಮಗೆ ಕಳಿಸುತ್ತಾಳೆ. ಒಂದು ಮಧ್ಯಾಹ್ನ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, "ಅಜ್ಜಿ, ಒಂದ್ನಿಮಿಷ ಬಾಯಿ ಮುಚ್ಕೊಂಡಿರು, ಫೋಟೋ ಅಲ್ಲಾಡುತ್ತೆ" ಎಂದಳು. ಪಕ್ಕದ ಮನೆಯ ಜಗಳವನ್ನು ಅರ್ಧ ಹೇಳಿದ್ದೆ, ಮಿಕ್ಕರ್ಧ ಗಂಟಲಲ್ಲೇ ನಿಂತಿತು. ಆ ಸಂಕಟವೇ ಮುಖದಲ್ಲಿ ಮೂಡಿತು. ಆಮೇಲೆ ಅವಳು, ನನ್ನ ಮುಖವನ್ನು ಮಾರಲು ತಮಗೆ ಬೇಕಾದ ಒಪ್ಪಿಗೆ ಪತ್ರವನ್ನು ಓದಿ ಹೇಳಲು ಹೊರಟರೆ, "ಓದೋದೇನೂ ಬೇಡ, ಕೊಡೇ ಇಲ್ಲಿ, ನನಗೂ ಸಹಿ ಬರುತ್ತೆ" ಎಂದು ಹೆಸರನ್ನು ಗುಂಡಗೆ ಬರೆದು, ಕೆಳಗೊಂದು ಗೆರೆಯನ್ನೂ ಎಳೆದೆ. ಕಲಿತವಳ ಜಂಬ, ನೋಡಿ!

ತಾವು ಆ ಮುಖಕ್ಕೆ 'ಒಂಟಿತನ, ನಿರಾಸೆ, ಯಾರೂ ಇಲ್ಲದ ವೃದ್ಧೆ' ಎಂದು ಚೀಟಿ ಅಂಟಿಸಿ, ಅದನ್ನು ಬಳಸಲು ಯಾವುದೋ ವೃದ್ಧಾಶ್ರಮಕ್ಕೆ ಪರವಾನಗಿ ಕೊಟ್ಟಿರಿ. ಈಗ ನಮ್ಮ ಬೀದಿ ಕೊನೆಯ ಬಸ್ ನಿಲ್ದಾಣದಲ್ಲಿ ಅವರ ಜಾಹೀರಾತಿನೊಳಗೆ, 'ಮನೆಯವರು ಕೈಬಿಟ್ಟರೆ ನಾವಿದ್ದೇವೆ' ಎಂಬ ಮಾತಿನ ಕೆಳಗೆ ನಾನು ಬಾಗಿಲಿನಷ್ಟು ಎತ್ತರಕ್ಕೆ ಕೂತಿದ್ದೇನೆ. ಕಂಡವರೆಲ್ಲ ನನ್ನ ಸೊಸೆಯನ್ನು ತಡೆದು, "ಏನಮ್ಮಾ, ಅತ್ತೆಗೆ ಒಂದು ಹೊತ್ತು ಊಟ ಹಾಕೋದು ಅಷ್ಟು ಭಾರವಾಯ್ತಾ?" ಎನ್ನುತ್ತಾರೆ. ಪಾಪ, ಅವಳು ಹಿಂದಿನ ಗಲ್ಲಿಯಲ್ಲಿ ಸುತ್ತಿ ಕೆಲಸಕ್ಕೆ ಹೋಗುತ್ತಾಳೆ. ನನ್ನ ಮುಂದೆ ಅವಳ ಕೈಯಿಂದ ತಟ್ಟೆ ಬರುತ್ತದೆ, ಬಾಯಿಂದ ಮಾತು ಬರುವುದಿಲ್ಲ.

ತಮ್ಮ ಕಾನೂನಿನ ಅಂದವನ್ನು ಹೊಗಳಲು ನನಗೆ ಓದು ಸಾಲದು. ಮುಖ ನನ್ನದು, ಫೋಟೋದ ಹಕ್ಕು ಮೊಮ್ಮಗಳದು, ಪರವಾನಗಿ ತಮ್ಮದು, ಬಳಕೆ ಊರವರದು; ನನ್ನ ಪಾಲಿಗೆ ಉಳಿದದ್ದು ದಿನಾ ಬೆಳಿಗ್ಗೆ ಅದನ್ನು ತೊಳೆಯುವ ಕೆಲಸವೊಂದೇ. ಒಮ್ಮೆ ಕೊಟ್ಟ ಪರವಾನಗಿ ಹಿಂದಕ್ಕೆ ಬರುವುದಿಲ್ಲ ಎಂದೂ ಮೊಮ್ಮಗಳು ತಿಳಿಸಿದ್ದಾಳೆ.

ಹಾಗಾಗಿ ನನ್ನ ಚಿತ್ರದ ಕೆಳಗೆ, 'ಈಕೆ ಎರಡು ಸಲ ಬಡಿಸಿಕೊಂಡು ಉಂಡವಳು, ಬಾಯಿ ಮುಚ್ಚಿಸಿದ್ದರಿಂದ ಹೀಗೆ ಕಾಣುತ್ತಾಳೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಬೇಕು. ಅದಾಗದಿದ್ದರೆ ತಾವೇ ಬಂದು ನಿಲ್ದಾಣದಲ್ಲಿ ನಿಂತು, ನನ್ನ ಸೊಸೆ ಬಂಗಾರದಂಥವಳೆಂದು ಬಸ್ಸು ಬಂದಾಗಲೆಲ್ಲ ಕೂಗಬೇಕು. ನಾನೇ ಕೂಗಬಹುದಿತ್ತು, ಆದರೆ ಇಷ್ಟು ವರ್ಷ ಅವಳೆದುರು ಆಡದ ಮಾತನ್ನು ಬೀದಿಯಲ್ಲಿ ಆಡಲು ಈ ಉದ್ದ ನಾಲಿಗೆಯೂ ಏಳುತ್ತಿಲ್ಲ.

ಓದದೆ ಸಹಿ ಹಾಕಿದ,
ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಅನಾಥೆ

ಮರೆತ ಮಾತು: ಅತ್ತೆ ಸೊಸೆ ಜೊತೆಯಾಗಿ ನಗುವ ಫೋಟೋ ಕಳಿಸೋಣವೆಂದು ಮೊಮ್ಮಗಳು ನಿನ್ನೆ ತಮ್ಮ ಒಪ್ಪಿಗೆ ಪತ್ರವನ್ನು ಅವಳಮ್ಮನ ಮುಂದಿಟ್ಟಳು. ನನ್ನ ಸೊಸೆ ಅದನ್ನು ಕೊನೆಯ ಸಾಲಿನವರೆಗೂ ಓದಿ, ನಾಲ್ಕಾಗಿ ಮಡಚಿ, ಬಿಸಿ ಪಾತ್ರೆಯ ಕೆಳಗಿಟ್ಟು, ನನ್ನ ಕಡೆ ತಿರುಗಿ, "ಅಲ್ಲ ಅತ್ತೆ, ನಿಮ್ಮನ್ನ ಸಾಕೋದು ನಾನು, ಮಾರೋದು ಅವರಾ?" ಎಂದಳು. ಇಷ್ಟು ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು. ತಮ್ಮ ಕಾಗದ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಇನ್ನೆರಡು ಇದ್ದರೆ ಕಳಿಸಿಕೊಡಿ.