ದೊರೆಯ ಬಿಲ್ಲೆ

ಊರಿನಲ್ಲಿ ನಾಯಿಗಳಿವೆ ಎಂಬ ಸಂಗತಿಯನ್ನು ನಗರಸಭೆಯು ಸರ್ವಾನುಮತದಿಂದ ಅಂಗೀಕರಿಸಿತು. ಅಲ್ಲಿಯವರೆಗೆ ಅವು ಬೊಗಳುತ್ತಿದ್ದುದು, ಅಟ್ಟಿಸಿಕೊಂಡು ಬರುತ್ತಿದ್ದುದು, ಸದಸ್ಯರ ಕಾರಿನ ಚಕ್ರಕ್ಕೆ ಕಾಲೆತ್ತುತ್ತಿದ್ದುದು ಎಲ್ಲವೂ ಅನಧಿಕೃತವಾಗಿತ್ತು. ಅಂಗೀಕಾರದ ಬೆನ್ನಿಗೇ ಪ್ರಕಟಣೆ ಹೊರಟಿತು: "ಸಾಕುನಾಯಿಗೆ ರೇಬೀಸ್ ಲಸಿಕೆ ಹಾಕಿಸುವುದು ಪಾಲಕರ ಆದ್ಯ ಕರ್ತವ್ಯ. ಲಸಿಕೆಯ ಗುರುತಾಗಿ ಕೊರಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಲಾಗುವುದು. ಲಸಿಕೆ ಇನ್ನೂ ಬಂದಿರುವುದಿಲ್ಲ. ಬಿಲ್ಲೆ ಬಂದಿರುತ್ತದೆ. ಆದಕಾರಣ ಬಿಲ್ಲೆ ಧರಿಸಿದ್ದನ್ನು ಲಸಿಕೆ ಪಡೆದ ನಾಯಿ ಎಂದೇ ಪರಿಗಣಿಸತಕ್ಕದ್ದು. ಬಿಲ್ಲೆಯಿಲ್ಲದೆ ಕಚ್ಚುವ ನಾಯಿಯನ್ನು ವಿಲೇವಾರಿ ಮಾಡಲಾಗುವುದು."

ವಿಲೇವಾರಿ ಎಂದರೆ ಏನು ಮಾಡುತ್ತಾರೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಆ ಕಚೇರಿಯಲ್ಲಿ ಕಡತಗಳೂ ವಿಲೇವಾರಿಯಾಗುತ್ತಿದ್ದವು, ಆಮೇಲೆ ಅವನ್ನು ಕಂಡವರಿಲ್ಲ. ಬೀಗದವನು ಕಂಗಾಲಾಗಲು ಅಷ್ಟು ಸಾಕಾಯಿತು.

ಬೀಗದವನೆಂದರೆ ಮಾರುಕಟ್ಟೆ ಬೀದಿಯ ಮೂಲೆಯ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡುವವನು. ಮಕ್ಕಳಿಲ್ಲ. ಹೆಂಡತಿ ಇದ್ದಳು, ದೊರೆ ಇದ್ದ. ದೊರೆ ಕಂದು ಬಣ್ಣದ, ಒಂದು ಕಿವಿ ಜೋತುಬಿದ್ದ ನಾಯಿ. ಮರಿಯಾಗಿದ್ದಾಗ ಯಾರೋ ಪುಣ್ಯಾತ್ಮರು ಅದರ ಕೊರಳಿಗೆ ತಂತಿ ಬಿಗಿದು ಚರಂಡಿಗೆ ಎಸೆದಿದ್ದರು. ಆ ತಂತಿ ಕತ್ತರಿಸಿದವನು ಬೀಗದವನೇ. ಗಾಯ ಮಾಯಿತು, ಅಂಜಿಕೆ ಮಾಯಲಿಲ್ಲ. ಕೊರಳ ಹತ್ತಿರ ಒಂದು ದಾರ ತಂದರೂ ದೊರೆ ಗಡಗಡ ನಡುಗಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಆಮೇಲೆ ಕಚ್ಚುತ್ತಿದ್ದ. ಇಂಥವನಿಗೆ ಬಿಲ್ಲೆ ಕಟ್ಟುವುದು ಹೇಗೆ, ಕಟ್ಟದಿದ್ದರೆ ಉಳಿಸಿಕೊಳ್ಳುವುದು ಹೇಗೆ ಎಂದು ಬೀಗದವನಿಗೆ ಅನ್ನ ಸೇರದಾಯಿತು.

ತಪಾಸಣೆ ಸಾಹೇಬರು ಬಂದೇಬಿಟ್ಟರು. ಅವರಿಗೆ ನಾಯಿ ಕಂಡರೆ ಜೀವ ಹೋಗುತ್ತಿತ್ತು. ಜನನ ಮರಣ ವಿಭಾಗದಲ್ಲಿ ಕುರ್ಚಿ ಖಾಲಿಯಿಲ್ಲದ್ದರಿಂದ ಅವರನ್ನು ನಾಯಿ ವಿಭಾಗಕ್ಕೆ ಹಾಕಿದ್ದರು, ಅಷ್ಟೇ. ಅಂಗಡಿ ಮುಂದಿನ ಚರಂಡಿಯ ಆಚೆ ದಡದಲ್ಲೇ ನಿಂತು, "ಹಿಡ್ಕೊಳ್ರೀ, ನೀವೇ ಕಟ್ಟಿ," ಎಂದು ದಾರ ಪೋಣಿಸಿದ ಬಿಲ್ಲೆಯನ್ನು ಎಸೆದರು.

ಬೀಗದವನು ಆಗ ಬಿಚ್ಚಿದ ಬೀಗವೊಂದರ ಸ್ಪ್ರಿಂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದ. ಬಿಟ್ಟರೆ ಅದು ಬೀದಿಗೆ ಹಾರುವ ಸ್ಥಿತಿ. ಕೆಲಸದ ನಡುವೆ ಯಾರು ಯಾವ ಕೀಲಿ ಕೊಟ್ಟರೂ, ಬೇರೆಯದರೊಂದಿಗೆ ಬೆರೆಯದಿರಲೆಂದು ಕೊರಳಿಗೆ ಹಾಕಿಕೊಳ್ಳುವುದು ಅವನ ರೂಢಿ. ಬಂದ ಬಿಲ್ಲೆಯನ್ನೂ ಹಾಗೇ ಹಾಕಿಕೊಂಡ. ಸಾಹೇಬರು ಮೊಬೈಲೆತ್ತಿ ಫೋಟೊ ಹೊಡೆದರು.

"ಆಯ್ತು, ಬಿಲ್ಲೆ ಕಟ್ಟಿದ ಫೋಟೊ ಬಂತು."

"ಅಯ್ಯೋ ಸಾರ್, ಅದು ನಾನು!"

"ಯಾರಾದ್ರೇನ್ರೀ? ಬಿಲ್ಲೆ ಕೊರಳಲ್ಲಿ ಇದೆಯೋ ಇಲ್ವೋ?"

"ಇದೆ."

"ಪಕ್ಕದಲ್ಲಿರೋರ ಹೆಸರು?"

"ದೊರೆ."

"ಪಾಲಕರು, ದೊರೆ." ಸಾಹೇಬರು ಒತ್ತಿದರು. "ದಾಖಲೆಗೆ ಹತ್ತಿಸಿಬಿಟ್ಟೆ. ಒಂದ್ಸಲ ಹತ್ತಿದ್ದನ್ನ ಇಳಿಸೋ ಬಟನ್ ಇದರಲ್ಲಿ ಕೊಟ್ಟಿಲ್ಲ."

ಮನೆಯಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು. "ರೀ, ನಿಮಗೇನು ತಲೆ ಕೆಟ್ಟಿದೆಯಾ? ಯಾರಾದರೂ ನಾಯಿ ಅಂತ ಬರೆಸ್ಕೊಂಡು ಬರ್ತಾರಾ?"

"ಒಳ್ಳೇದೇ ಆಯ್ತು ಬಿಡೇ. ಅವನ ಕೊರಳಿಗೆ ಕಟ್ಟೋದು ತಪ್ಪಿತಲ್ಲ," ಎಂದ ಬೀಗದವನು. ಅವತ್ತು ಹೊಟ್ಟೆ ತುಂಬ ಉಂಡ.

ಬಿಲ್ಲೆ ಇರುವುದನ್ನು ಹಗ್ಗವಿಲ್ಲದೆ ಬೀದಿಗೆ ಬಿಡತಕ್ಕದ್ದಲ್ಲ ಎಂಬ ಉಪನಿಯಮವೂ ಇತ್ತು. ಹೆಂಡತಿ ಬಟ್ಟೆ ಒಣಗಿಸುವ ಹಗ್ಗವನ್ನು ಗಂಡನ ಸೊಂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ದೊರೆಯ ಬಾಯಿಗೆ ಕೊಟ್ಟಳು. ದೊರೆ ಹಗ್ಗ ಕಚ್ಚಿಕೊಂಡು ಯಜಮಾನನನ್ನು ಜವಾಬ್ದಾರಿಯಿಂದ ಅಂಗಡಿಗೆ ಕರೆದೊಯ್ಯತೊಡಗಿದ. ಬೀದಿಯವರು ಮೊದಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಅಭ್ಯಾಸವಾಯಿತು. ಕಿರಾಣಿ ಅಂಗಡಿಯಾತ, "ಏನ್ ದೊರೆಯವರೇ, ನಿಮ್ಮದು ಸಾಧುವಾ? ಮುಟ್ಟಬಹುದಾ?" ಎಂದು ಕೇಳಿ, ಬೀಗದವನ ಬೆನ್ನು ತಟ್ಟಿ, ಉಳಿದ ಬಿಸ್ಕತ್ತು ತಿನ್ನಿಸಿದ.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಒಂದು ದಿನ, ಪಾಲಕರು ತಮ್ಮ ಹೊಣೆ ನಿರ್ವಹಿಸುತ್ತಿದ್ದಾರೆಯೇ ಎಂದು ನೋಡಲು ಆರೋಗ್ಯಾಧಿಕಾರಿ ಮೇಡಂ ಸ್ವತಃ ಜೀಪಿನಲ್ಲಿ ಬಂದರು, ಜೊತೆಗೆ ಸಾಹೇಬರು. ದೊರೆ ಆಕಳಿಸಿದ. ಹಲ್ಲು ಕಂಡು ಹೌಹಾರಿದ ಸಾಹೇಬರು ಒಂದು ಸುತ್ತು ತಿರುಗಿ, ಓಡುವ ಗಡಿಬಿಡಿಯಲ್ಲಿ ಅವನ ಬಾಲದ ಮೇಲೇ ಕಾಲಿಟ್ಟರು. ದೊರೆ ಸಾಹೇಬರ ಮೀನಖಂಡಕ್ಕೆ ಬಾಯಿ ಹಾಕಿದ.

ಮೇಡಂ ಶಾಂತವಾಗಿ ಕೇಳಿದರು. "ಕಚ್ಚಿದ ನಾಯಿಗೆ ಬಿಲ್ಲೆ ಇದೆಯಾ?"

ಬೀದಿಗೆ ಬೀದಿಯೇ ದೊರೆಯ ಬೋಳು ಕೊರಳನ್ನು ನೋಡಿತು. ಜೀಪಿನ ಹಿಂಬಾಗಿಲು ತೆರೆದುಕೊಂಡಿತು, ಒಳಗೆ ತಂತಿಯ ಕುಣಿಕೆ ತೂಗಾಡುತ್ತಿತ್ತು. ಅದನ್ನು ಕಂಡದ್ದೇ ದೊರೆ ನಡುಗುತ್ತಾ ಬೀಗದವನ ಕಾಲಸಂದಿಯಲ್ಲಿ ತೂರಿಕೊಂಡ, ನೆಲ ಒದ್ದೆಯಾಯಿತು. ಬೀಗದವನು ಅವನಿಗೆ ಅಡ್ಡವಾಗಿ ನಿಂತ.

"ಕಚ್ಚಿದ್ದು ನಾನೇ ಮೇಡಂ," ಎಂದ.

"ಹಲ್ಲಿನ ಗುರುತು ಚಿಕ್ಕದಾಗಿದೆಯಲ್ಲ?"

"ಅರ್ಧ ಬಾಯಲ್ಲಿ ಕಚ್ಚಿದೆ."

ನೋವಿನಲ್ಲಿ ಮುಲುಗುತ್ತಿದ್ದ ಸಾಹೇಬರಿಗೂ ಒಂದು ಭಾರ ಇಳಿಯಿತು. "ಹೌದು ಮೇಡಂ. ದಾಖಲೆಯಲ್ಲಿ ನಾಯಿ ಅಂತ ಇರೋದು ಇದೇ."

"ಪಾಲಕರದ್ದೇನಾದರೂ ಆಕ್ಷೇಪ?" ದೊರೆ ಆಕ್ಷೇಪಿಸಲಿಲ್ಲ. "ಸರಿ, ಬಿಲ್ಲೆ ಇರುವುದು ಕಚ್ಚಿದರೆ ನಿಗಾ ಕೊಠಡಿ. ಜೀಪಿಗೆ ಹತ್ತಿಸಿ."

"ಮೇಡಂ, ನನಗೆ ಇಂಜೆಕ್ಷನ್?" ಎಂದರು ಸಾಹೇಬರು.

"ಲಸಿಕೆ ಪಡೆದದ್ದು ಕಚ್ಚಿದರೆ ಯಾಕ್ರೀ ಇಂಜೆಕ್ಷನ್?"

"ಲಸಿಕೆ ಇನ್ನೂ ಬಂದೇ ಇಲ್ವಲ್ಲ ಮೇಡಂ!"

"ಬಿಲ್ಲೆ ಬಂದಿದೆಯಲ್ಲ. ಭಯವಾದರೆ ನೀವೂ ಒಂದು ಕಟ್ಟಿಕೊಳ್ಳಿ."

ಸಾಹೇಬರು ಜೇಬಿನಿಂದ ಒಂದು ಬಿಲ್ಲೆ ತೆಗೆದು ಕೊರಳಿಗೆ ಕಟ್ಟಿಕೊಂಡರು. ಮಾರನೆಯ ದಿನದಿಂದ ಅವರ ಶ್ರೀಮತಿ ಅವರನ್ನು ಹಗ್ಗ ಹಿಡಿದು ಕಚೇರಿಗೆ ಬಿಟ್ಟು ಹೋಗುತ್ತಿದ್ದಾರೆ.

ನಿಗಾ ಕೊಠಡಿ ನಗರಸಭೆಯ ಹಿತ್ತಲಲ್ಲಿತ್ತು. ಕಬ್ಬಿಣದ ಸರಳು, ಸಿಮೆಂಟಿನ ನೆಲ, ಮೂಲೆಯಲ್ಲೊಂದು ತಟ್ಟೆ. ಹುಚ್ಚು ಹಿಡಿದದ್ದಕ್ಕೆ ನೀರು ಕಂಡರಾಗದು ಎಂದು ಕಾವಲುಗಾರನಿಗೆ ತರಬೇತಿ ಕೊಟ್ಟಿದ್ದರು. ಅವನು ತಟ್ಟೆಗೆ ನೀರು ಸುರಿದು ನೋಡುತ್ತಾ ಕೂತ. ನೀರಿನಲ್ಲಿ ಹುಳ ಆಡುತ್ತಿತ್ತು, ಬೀಗದವನು ಮೂಗು ಮುಚ್ಚಿಕೊಂಡ. "ನೀರು ಕಂಡರೆ ಮುಖ ತಿರುಗಿಸುತ್ತದೆ," ಎಂದು ಕಾವಲುಗಾರ ವರದಿ ಒಪ್ಪಿಸಿದ. ನಿಗಾ ಅವಧಿಯನ್ನು ವಿಸ್ತರಿಸಲಾಯಿತು.

ಹೆಂಡತಿ ದಿನಾ ಊಟದ ಡಬ್ಬಿ ಹಿಡಿದು ಬರುತ್ತಿದ್ದಳು. ಆದರೆ ಒಳಗೆ ಬಿಡುತ್ತಿದ್ದುದು ಪಾಲಕರನ್ನು ಮಾತ್ರ. "ಬನ್ನಿ ಸಾರ್, ಬನ್ನಿ. ರಾತ್ರಿ ಅದು ಚೆನ್ನಾಗಿ ನಿದ್ದೆ ಮಾಡ್ತು," ಎಂದು ಕಾವಲುಗಾರ ದೊರೆಗೆ ಬಾಗಿಲು ತೆರೆಯುತ್ತಿದ್ದ. "ನೀವು ಸಾರ್ ಜೊತೆ ಬಂದೋರಾ? ಸರಿ, ಬನ್ನಿ," ಎಂದು ಅವಳನ್ನೂ ಬಿಡುತ್ತಿದ್ದ. ದೊರೆ ಸರಳಿನ ನಡುವೆ ಮೂತಿ ತೂರಿಸಿ ಬೀಗದವನ ಕೈ ನೆಕ್ಕುತ್ತಿದ್ದ.

ಅಷ್ಟರಲ್ಲಿ ಕೊಠಡಿಯ ಬೀಗ ಕೆಟ್ಟಿತು. ಕಾವಲುಗಾರ ಎಷ್ಟು ತಿರುಗಿಸಿದರೂ ಕೀಲಿ ಹಿಡಿಯದು, ಬಾಗಿಲು ಗಾಳಿಗೆ ಬಡಿದುಕೊಳ್ಳತೊಡಗಿತು. ಮೇಡಂ ಬಂದರು, ಕುಂಟುತ್ತಾ ಸಾಹೇಬರೂ ಬಂದರು. ಬೀಗ ರಿಪೇರಿಯವರನ್ನು ಕರೆಸಬೇಕು, ಊರಿನಲ್ಲಿ ಇರುವವನು ಒಬ್ಬನೇ, ಅವನು ಎಲ್ಲಿ ಸಿಗುತ್ತಾನೆ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು.

"ಕೊಡಿ ಇಲ್ಲಿ," ಎಂದ ಬೀಗದವನು ಒಳಗಿನಿಂದ.

ಬೀಗ ಬಿಚ್ಚಿ, ತುಕ್ಕು ಕೆರೆದು, ಸ್ಪ್ರಿಂಗ್ ಸರಿಪಡಿಸಿದ. ಕೀಲಿ ಮಾತ್ರ ರೂಢಿಯಂತೆ ಕೊರಳಲ್ಲಿತ್ತು, ಬಿಲ್ಲೆಯ ಪಕ್ಕದಲ್ಲಿ. ಬಾಗಿಲು ಅಷ್ಟು ಹೊತ್ತೂ ಹಾರು ಹೊಡೆದೇ ಇತ್ತು.

ದೊರೆಯ ಜೊತೆ ಬಂದಿದ್ದ ಹೆಂಡತಿ ಸರಳಿಗೆ ಮುಖವೊತ್ತಿ ಪಿಸುಗುಟ್ಟಿದಳು. "ರೀ, ಬಾಗಿಲು ತೆಗೆದಿದೆ. ಎದ್ದು ಬನ್ನಿ, ನಿಮ್ಮ ದಮ್ಮಯ್ಯ."

"ನಾನು ಬಂದ್ರೆ ನಾಯಿ ಎಲ್ಲಿ ಅಂತ ಕೇಳ್ತಾರೆ ಕಣೇ," ಎಂದ ಬೀಗದವನು. ಕಣ್ಣು ದೊರೆಯ ಕೊರಳಿನ ಹಳೇ ಗಾಯದ ಕಲೆಯ ಮೇಲಿತ್ತು. "ಅವನನ್ನ ಮನೆಗೆ ಕರ್ಕೊಂಡು ಹೋಗು. ಹೊತ್ತಾಯ್ತು, ಅವನಿಗೆ ಹಸಿವಾಗಿರುತ್ತೆ."

ಒಳಗಿನಿಂದ ಬಾಗಿಲೆಳೆದುಕೊಂಡ. ಸರಳಿನ ಸಂದಿಯಿಂದ ಕೈ ಹೊರಹಾಕಿ ಬೀಗ ಜಡಿದ, ಎರಡು ಬಾರಿ ಜಗ್ಗಿ ನೋಡಿದ, ಕೊರಳಿನಿಂದ ಕೀಲಿ ತೆಗೆದು ಕಾವಲುಗಾರನ ಕೈಗಿಟ್ಟ. ಕಾವಲುಗಾರನೂ ಒಮ್ಮೆ ಜಗ್ಗಿದ. ಇಷ್ಟು ಭದ್ರವಾಗಿ ಆ ಬೀಗ ಯಾವತ್ತೂ ಕೂತಿರಲಿಲ್ಲ.

"ಒಳ್ಳೇ ನಾಯಿ," ಎಂದರು ಮೇಡಂ ಮನಸಾರೆ.

ಆ ಮಾತು ಕೇಳಿ ಅಭ್ಯಾಸವಿದ್ದ ದೊರೆ ಖುಷಿಯಿಂದ ಬಾಲ ಅಲ್ಲಾಡಿಸಿಬಿಟ್ಟ. ಗುಟ್ಟು ರಟ್ಟಾಯಿತೆಂದು ಬೀಗದವನು ಸರಳು ಹಿಡಿದುಕೊಂಡ. ಆದರೆ ಮೇಡಂ, ಸಾಹೇಬರು, ಕಾವಲುಗಾರ ಮೂವರೂ, ದೊಡ್ಡವರು ಎಡವಟ್ಟು ಮಾಡಿದಾಗ ಮಾಡುವಂತೆ, ಮರ್ಯಾದೆಯಿಂದ ಬೇರೆ ಕಡೆ ನೋಡಿದರು.