ಚಂಪಾಳ ರಕ್ತ ಹಿಂದಕ್ಕೆ ಹರಿದ ಒಂಬತ್ತು ದಿನ

ಸೆಂಬವಾಂಗ್, ಸಿಂಗಾಪುರ
ಆಗಸ್ಟ್ ೨೦೧೬

ಪರಮಮಾನ್ಯ ರಕ್ತಹರಿವು ಮಾಪಕರೇ,

ತಮ್ಮ ಅಂಕಿಗಳನ್ನು ಪರದೆಗೆ ತರುವ ಸಾಫ್ಟ್‌ವೇರ್ ಬರೆದ ಜ್ಯೋತ್ಸ್ನಾಳ ವಿನಮ್ರ ನಮಸ್ಕಾರಗಳು. ನಮ್ಮ ಡೇರಿಯ ಹಸು ಚಂಪಾಳ ಹೊಟ್ಟೆಯೊಳಗೆ, ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತನಾಳವನ್ನು ಅಪ್ಪಿಕೊಂಡು, ಮೇವಿನ ಸತ್ವ ಅವಳ ಮೈಗೆಷ್ಟು ಹತ್ತುತ್ತಿದೆ ಎಂದು ಅಳೆಯಲು ತಾವು ದಯಮಾಡಿಸಿದ್ದು ನಮ್ಮ ಭಾಗ್ಯ.

ತಮ್ಮನ್ನು ಅಲ್ಲಿ ಕೂರಿಸಿದವರು ಸಂಶೋಧನೆಯ ಮುಖ್ಯಸ್ಥರಾದ ಡಾ. ದ್ವಾರಕನಾಥ್. ಹಸು ನೋಡಿಕೊಳ್ಳುವ ತನಿಯಪ್ಪ ಅಂಕಲ್ ಅವಳ ತಲೆ ಹಿಡಿದು ನಿಂತಿದ್ದವರು, "ಸರ್, ಬಾಣ ಉಲ್ಟಾ ಉಂಟಲ್ಲ" ಎಂದರು. ತಮ್ಮ ಬೆನ್ನ ಮೇಲಿನ ಬಾಣ ರಕ್ತ ಹರಿಯುವ ದಿಕ್ಕಿಗಿರಬೇಕೆಂಬುದನ್ನು ಅವರು ಡಬ್ಬಿಯ ಚಿತ್ರದಲ್ಲಿ ನೋಡಿದ್ದರು. ಹಸುವಿನ ತಲೆಯನ್ನಷ್ಟೇ ನೋಡಿಕೊಳ್ಳುವಂತೆ ಅವರಿಗೆ ಸೂಚನೆಯಾಯಿತು.

ಮುಂದಿನ ಒಂಬತ್ತು ದಿನ ತಾವು ಮೈನಸ್ ಅಂಕಿಗಳನ್ನೇ ಕರುಣಿಸಿದಿರಿ. ತಮ್ಮ ಪ್ರಕಾರ ಚಂಪಾ ಹುಲ್ಲಿನಿಂದ ಸತ್ವ ಪಡೆಯುತ್ತಿರಲಿಲ್ಲ, ತಾನೇ ಹುಲ್ಲಿಗೆ ಸತ್ವ ದಾನ ಮಾಡುತ್ತಿದ್ದಳು. ಆ ದಾನದ ನಡುವೆಯೂ ದಿನಕ್ಕೆ ಹದಿನೆಂಟು ಲೀಟರ್ ಹಾಲು ಕೊಡುತ್ತಿದ್ದಳು. ಈ ಪವಾಡವನ್ನು ಕಣ್ಣಾರೆ ಕಂಡೂ ನಾನು ಸುಮ್ಮನಿದ್ದೆ, ಏಕೆಂದರೆ ಡಾಕ್ಟರ ತಪ್ಪು ಎತ್ತಿ ಹೇಳುವಷ್ಟು ಧೈರ್ಯ, ಕೆಲಸ ಹೋದರೆ ಈ ದೇಶದಿಂದಲೇ ಹೊರಡಿಸುವ ನನ್ನ ವರ್ಕ್ ಪಾಸಿಗಿರಲಿಲ್ಲ. ಮೇವು ಮೈಗೆ ಹತ್ತದ ಹಸುವೆಂದು ಅವಳನ್ನು ಕಡಿಯಲು ಕೊಡುವ ತೀರ್ಮಾನವಾಗಿ, ಶುಕ್ರವಾರಕ್ಕೆ ಲಾರಿಯೂ ಬುಕ್ ಆಯಿತು.

ಗುರುವಾರ ತನಿಯಪ್ಪ ಅಂಕಲ್, ಕಪಾಟಿನಲ್ಲಿದ್ದ ತಮ್ಮ ಸಹೋದರ ಮಾಪಕವನ್ನು ನೀರಿನ ರಬ್ಬರ್ ಪೈಪಿಗೆ ಕಟ್ಟಿ, ನಲ್ಲಿ ಬಿಟ್ಟು, ನನ್ನನ್ನು ಕರೆದರು. ಪರದೆಯಲ್ಲಿ ಪ್ಲಸ್ ಬಂತು. ತಿರುಗಿಸಿ ಕಟ್ಟಿದರು, ಮೈನಸ್ ಬಂತು.

"ನೀರು ಹಿಂದೆ ಹೋಯ್ತಾ ಮೇಡಂ?" ಎಂದು ಕೇಳಿದರು.

 ನಾನು ಅದನ್ನು ಮತ್ತೊಮ್ಮೆ ಮಾಡಿಸಿ, ಫೋನಿನಲ್ಲಿ ವಿಡಿಯೋ ತೆಗೆದು, ಆಫೀಸಿನವರಿಗೆಲ್ಲ ಕಳಿಸಿದೆ. ಸಂಜೆಯೊಳಗೆ ಲಾರಿ ರದ್ದಾಯಿತು. ಚಂಪಾ ಈಗ ನಮ್ಮಲ್ಲಿ ಮೇವು ಅತಿ ಚೆನ್ನಾಗಿ ಮೈಗೆ ಹತ್ತುವ ಹಸು.

ಆದರೆ ವರದಿಯಲ್ಲಿ "ಸಾಫ್ಟ್‌ವೇರ್ ದೋಷವನ್ನು ಸರಿಪಡಿಸಲಾಗಿದೆ" ಎಂದಿದ್ದು, ಅದರ ಕೆಳಗಿನ ಕ್ಷಮಾಪಣೆಗೆ ಸಹಿ ನನ್ನದಾಗಿದೆ. ಆದಕಾರಣ ಮಾನ್ಯರಲ್ಲಿ ಅರಿಕೆಯೇನೆಂದರೆ, ಮುಂದೆ ತಮ್ಮನ್ನು ಯಾರಾದರೂ ಉಲ್ಟಾ ಕೂರಿಸಿದಲ್ಲಿ ಅಂಕಿಯ ಬದಲು ಕೂರಿಸಿದವರ ಹೆಸರನ್ನೇ ಪರದೆಗೆ ಕಳಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ, ದೊಡ್ಡವರ ಕಿವಿಯಿಂದ ಮಿದುಳಿಗೆ ನಿಮಿಷಕ್ಕೆಷ್ಟು ಮಾತು ಹರಿಯುತ್ತದೆಂಬುದನ್ನಾದರೂ ಅಳೆದು ತಿಳಿಸಬೇಕು.

ಪ್ಲಸ್ಸಿಗೂ ಮೈನಸ್ಸಿಗೂ ಸಮಾನವಾಗಿ ತಲೆಬಾಗುವ
ತಮ್ಮ ವಿಶ್ವಾಸಿ,
ಜ್ಯೋತ್ಸ್ನಾ

ವಿ.ಸೂ.: ಮಾಪಕ ಕೂರಿಸುವ ಸರಿಯಾದ ಕ್ರಮದ ಬಗ್ಗೆ ಬರುವ ಸೋಮವಾರ ತರಬೇತಿ ಏರ್ಪಾಡಾಗಿದೆ. ತನಿಯಪ್ಪ ಅಂಕಲ್ ಕಡ್ಡಾಯವಾಗಿ ಹಾಜರಿರಬೇಕಂತೆ. ಪಾಠ ಮಾಡುವವರು ಡಾ. ದ್ವಾರಕನಾಥ್.