ಮಾವನ ಟವೆಲ್ಲು ಚೀರಿದ ದಿನ

ಫೋನಿಗೆ ಹೊಸ ಅಪ್‌ಡೇಟ್ ಬಂದಾಗ ಜನರಲ್ಲಿ ಎರಡು ಬಗೆ. 'ಈಗಲೇ' ಒತ್ತುವವರು, 'ಆಮೇಲೆ' ಒತ್ತುವವರು. ನಮ್ಮ ಸೋದರಮಾವ ಮೂರನೆಯ ಬಗೆ. ಅವರು ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಪೂರ್ವಕ್ಕೆ ಮುಖ ಮಾಡಿ ಕೂತು, ಅದಾದ ಮೇಲೆ 'ಈಗಲೇ' ಒತ್ತುತ್ತಾರೆ! ಫೋನು ಕಪ್ಪಾಗಿ ಮತ್ತೆ ಬೆಳಗುವವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಮಾವ ಎರಡೂ ತೊಡೆಯ ಮೇಲೆ ಕೈಯೂರಿ ಕೂತಿರುತ್ತಾರೆ. ಚಹಾ ಕೊಟ್ಟರೂ ಮುಟ್ಟುವುದಿಲ್ಲ.

ಇದಕ್ಕೆಲ್ಲ ಅವರದೊಂದು ಸಿದ್ಧಾಂತವಿದೆ. ಹೊಸ ಬಣ್ಣ, ಹೊಸ ಗಡಿಯಾರ, ದುಂಡಗಿನ ಗುಂಡಿಗಳು, ಇವೆಲ್ಲ ಮಕ್ಕಳನ್ನು ಮರುಳು ಮಾಡಲು ಮೇಲೆ ಹಚ್ಚಿದ್ದು. ನಿಜವಾಗಿ ಉಪಯೋಗಕ್ಕೆ ಬರುವುದು ಸೆಟ್ಟಿಂಗಿನ ಒಳಗಿನ ಸೆಟ್ಟಿಂಗಿನ ಒಳಗೆ ಎಲ್ಲೋ ಅಡಗಿರುತ್ತದೆ. ಮಾವ ತಾಂಡೂರಿನ ತೊಗರಿ ದಲಾಲರು. ಚೀಲದ ಬಾಯಿ ನೋಡಿ ತೊಗರಿ ಕೊಳ್ಳುವವನು ದಲಾಲನೇ ಅಲ್ಲ, ಮೊಣಕೈವರೆಗೆ ಕೈ ಹಾಕಿ ತಳದ ಕಾಳು ತೆಗೆದು ನೋಡಬೇಕು ಎನ್ನುವವರು. ಫೋನಿಗೂ ಹಾಗೆ ಮೊಣಕೈವರೆಗೆ ಕೈ ಹಾಕಿದ ಮನುಷ್ಯ ಈ ಮೂರು ತಾಲೂಕಿನಲ್ಲಿ ಇನ್ನೊಬ್ಬರಿರಲಾರರು.

ನಗಬೇಡಿ, ಕಾರಣವಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಸೂಜಿ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಹೋದ ವರ್ಷ ಸೂಜಿ ಚುಚ್ಚಿಕೊಂಡವರು ಮಾಳಿಗೆಯ ಮೇಲೆ ಒಣಹಾಕಿದ ಶ್ಯಾವಿಗೆ ನೆನಪಾಗಿ ಹತ್ತಿ ಹೋದರು. ಇಳಿದು ಬರುವಷ್ಟರಲ್ಲಿ ಮೈಯೊಳಗಿನ ಸಕ್ಕರೆ ಇಳಿದಿತ್ತು. ಅಡುಗೆಮನೆಯಲ್ಲಿ ಬಿದ್ದರು. ಪಕ್ಕದ ಮನೆಯಾಕೆ ನೋಡಿದ್ದಕ್ಕೆ ಉಳಿದರು. ಮಾವ ಆಗ ನಾರಾಯಣಖೇಡದ ಬಾಜಾರಿನಲ್ಲಿ ನಗುನಗುತ್ತ ವ್ಯಾಪಾರ ಮಾಡುತ್ತಿದ್ದರಂತೆ. ಆ ನಗುವಿಗಾಗಿ ಅವರು ಇನ್ನೂ ತಮ್ಮನ್ನು ಕ್ಷಮಿಸಿಕೊಂಡಿಲ್ಲ. ವ್ಯಾಪಾರ ಬಿಡುವಂತಿಲ್ಲ, ಅತ್ತೆಯನ್ನು ಜೊತೆಗೆ ತಿರುಗಿಸುವಂತಿಲ್ಲ. ಇಷ್ಟೆಲ್ಲ ಮಾಡುವ ಫೋನು, ತಾಂಡೂರಿನಲ್ಲಿ ಹೆಂಡತಿ ಬಿದ್ದರೆ ಖೇಡದಲ್ಲಿರುವ ಗಂಡನಿಗೆ ಹೇಳುವುದಿಲ್ಲವೇ? ಅದೊಂದನ್ನು ಹುಡುಕಲು ಹೊರಟು ಅವರು ಉಳಿದದ್ದನ್ನೆಲ್ಲ ಕಂಡುಹಿಡಿದರು.

ಮೊದಲು ಸಿಕ್ಕಿದ್ದು, ಮನೆಯೊಳಗಿನ ಶಬ್ದ ಕೇಳಿ ಅದೇನೆಂದು ಹೇಳುವ ಸೌಲಭ್ಯ. ಮಗು ಅತ್ತರೆ, ಗಾಜು ಒಡೆದರೆ, ಬೆಂಕಿಯ ಸೈರನ್ ಆದರೆ ಫೋನು ನಡುಗಿ ಎಚ್ಚರಿಸುತ್ತದಂತೆ. ಮಾವ ಅದನ್ನು ಹಚ್ಚಿಟ್ಟು ಪಡಸಾಲೆಯಲ್ಲಿ ಕೂತರು. ಒಳಗೆ ಕುಕ್ಕರು ಕೂಗಿತು. ಬೆಂಕಿ ಎಂದಿತು ಫೋನು! ಮಾವ ಬಕೆಟ್ ನೀರು ಹೊತ್ತು ಅಡುಗೆಮನೆಗೆ ನುಗ್ಗಿದರು. ಅತ್ತೆ ತಿರುಗಿಯೂ ನೋಡದೆ, "ಬ್ಯಾಳಿ ಕುದ್ಯಾಕತ್ತದ. ಬಕೀಟ ಅಲ್ಲೇ ಇಡ್ರಿ" ಎಂದರು. ಆಮೇಲೆ ಅವರು ತಡೆಯಲಾರದೆ ನಕ್ಕಾಗ ಫೋನು ಮತ್ತೆ ನಡುಗಿ, ಎಲ್ಲೋ ಮಗು ಅಳುತ್ತಿದೆ ಎಂದು ತಿಳಿಸಿತು.

ಎರಡನೆಯದು, ಫೋನಿನ ಬೆನ್ನಿಗೆ ಎರಡು ಸಲ ತಟ್ಟಿದರೆ ಬ್ಯಾಟರಿ ದೀಪ ಹತ್ತುವುದು. ಅತ್ತೆಗೆ ಕತ್ತಲಲ್ಲಿ ಅನುಕೂಲವಾದೀತೆಂದು ಮೊದಲು ತಮ್ಮ ಫೋನಿನಲ್ಲಿ ಪರೀಕ್ಷೆಗಿಟ್ಟರು. ಆದರೆ ಫೋನು ಕಿಸೆಯಲ್ಲಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಎದೆ ತಟ್ಟಿ ನೋಡಿಕೊಳ್ಳುವುದು ಅವರ ಹಳೆಯ ಚಟ. ಈಗ ಬಾಜಾರಿನ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ನಡೆದರೂ, ಹಳೆಯ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಒಬ್ಬರಿಗೊಬ್ಬರು ದರ ಹೇಳಿಕೊಳ್ಳುವ ಪದ್ಧತಿ ಬಿಟ್ಟಿಲ್ಲ. ಒಮ್ಮೆ ಜಹೀರಾಬಾದಿನ ಕತ್ತಲ ಗೋದಾಮಿನಲ್ಲಿ ಮಾವ ಹೆಗಲ ಟವೆಲ್ಲನ್ನು ಮುಂದೆ ಇಳಿಬಿಟ್ಟು, ಅದರಡಿ ಬಲಗೈಯಿಂದ ದರ ಒತ್ತುತ್ತ, ಎಡಗೈಯಿಂದ ಎದೆ ತಟ್ಟಿಕೊಂಡರು. ಎದೆ ಬೆಳಗಿತು! ತೆಳು ಟವೆಲ್ಲಿನ ಮೇಲೆ ಇಬ್ಬರ ಬೆರಳುಗಳ ನೆರಳೂ ದೊಡ್ಡದಾಗಿ ಮೂಡಿ, ಗುಟ್ಟಿನ ದರವನ್ನು ಗೋದಾಮಿನಲ್ಲಿದ್ದವರೆಲ್ಲ ಓದಿದರು. ಆ ವ್ಯಾಪಾರಿ ಇಂದಿಗೂ ಮಾವನಿಗೆ ಬೆರಳು ಕೊಡುವುದಿಲ್ಲ.

ಮೂರನೆಯದನ್ನು ಅತ್ತೆಯ ಫೋನಿಗೇ ಹಚ್ಚಿದರು. ಮೋಸಗಾರರ ಕರೆಗಳು ಬರಬಾರದೆಂದು, ತಮ್ಮ ಕರೆಯೊಂದನ್ನು ಬಿಟ್ಟು ಬೇರೆ ಯಾರ ಕರೆಯೂ ಸದ್ದು ಮಾಡದಂತೆ ಮಾಡಿದರು. ಅತ್ತೆಯ ಅಕ್ಕತಂಗಿಯರೆಲ್ಲ ಮುನಿಸಿಕೊಂಡಿದ್ದಾರೆ. ಅವಳಿಗೆ ಸೊಕ್ಕು ಬಂದಿದೆ ಎಂದು ನನಗೆ ಫೋನು ಮಾಡಿ ಹೇಳುತ್ತಾರೆ.

ನಾಲ್ಕನೆಯದೇ ನಮ್ಮನ್ನು ಮುಳುಗಿಸಿದ್ದು. ಫೋನಿಗೆ ಜೋರಾದ ಪೆಟ್ಟು ಬಿದ್ದರೆ ಅದು ಅಪಘಾತವೆಂದು ತಿಳಿದು ಚೀರುತ್ತದೆ. ಯಾರೂ ಸುಮ್ಮನಾಗಿಸದಿದ್ದರೆ ಮನೆಯವರಿಗೆ ಸುದ್ದಿ ಕಳಿಸುತ್ತದೆ. ಮಾವ ಅದರಲ್ಲಿ ಎರಡು ಹೆಸರು ಬರೆದಿಟ್ಟರು. ಜಹೀರಾಬಾದಿನಲ್ಲಿ ಶಾಲೆ ಮಾಸ್ತರಿಣಿಯಾಗಿರುವ ನಾನು ಮೊದಲನೆಯವಳು. ಅತ್ತೆ ಎರಡನೆಯವರು.

ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವ ರೀತಿ ನಿಮಗೆ ಗೊತ್ತಿರಬಹುದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆಯಬೇಕು. ಟವೆಲ್ಲು ಬಿದ್ದ ಸೀಟು ನಮ್ಮದು. ಅವತ್ತು ಸಂತೆಯ ಗದ್ದಲ. ಕಿಸೆಗಳ್ಳರ ಹೆದರಿಕೆಗೆ ಮಾವ ಫೋನನ್ನು ಟವೆಲ್ಲಿನ ಚುಂಗಿಗೆ ಕಟ್ಟಿ ಗಂಟು ಹಾಕಿದ್ದರು. ಬಸ್ಸು ಬಂತು. ಕೈ ತನ್ನ ರೂಢಿಯ ಕೆಲಸ ಮಾಡಿತು. ಟವೆಲ್ಲು ಹಾರಿ, ಸೀಟಿನ ಕಬ್ಬಿಣದ ಹಿಡಿಕೆಗೆ ಬಡಿದು ಬಿತ್ತು. ಮಾವ ಬಾಗಿಲಿನ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡಿರುವಾಗ ಒಳಗೆ ಟವೆಲ್ಲು ಚೀರತೊಡಗಿತು! ಆ ಸೀಟಿನ ಸುತ್ತಲಿನವರೆಲ್ಲ ಎದ್ದು ಹಿಂದಕ್ಕೆ ಸರಿದರು. ಆ ತುಂಬಿದ ಬಸ್ಸಿನಲ್ಲಿ ಮಾವನಿಗೆ ಮೂರು ಸೀಟು ಖಾಲಿ ಸಿಕ್ಕವು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ತರಗತಿಯಲ್ಲಿದ್ದೆ. ಮಾವನಿಗೆ ಭಾರಿ ಅಪಘಾತವಾಗಿರಬಹುದೆಂಬ ಸುದ್ದಿ ನಕಾಶೆಯ ಸಮೇತ ಬಂತು. ಫೋನು ಹಚ್ಚಿದೆ, ಸ್ವಿಚ್ ಆಫ್. ಅತ್ತೆಗೆ ಹಚ್ಚಿದೆ, ಎತ್ತಲಿಲ್ಲ. ಹೆಡ್‌ಮಾಸ್ತರಿಗೆ ಏನು ಹೇಳಿದೆನೋ ನೆನಪಿಲ್ಲ, ಖೇಡಕ್ಕೆ ಹೋಗಬೇಕೆಂದು ಬಸ್‌ಸ್ಟ್ಯಾಂಡಿಗೆ ಓಡಿದೆ. ಖೇಡದ ಕಡೆಯ ಬಸ್ಸಿಗೆ ಕಾದು ಕಾದು ಜೀವ ಅರ್ಧವಾಗಿರುವಾಗ, ಖೇಡದಿಂದ ಬಂದ ಬಸ್ಸಿನ ಕಿಟಕಿಯಲ್ಲಿ ಮಾವ ಕಂಡರು. ಶೇಂಗಾ ತಿನ್ನುತ್ತಿದ್ದರು!

ನನಗೆ ಮೊದಲು ಅಳು ಬಂತು, ಆಮೇಲೆ ಕೆಟ್ಟ ಸಿಟ್ಟು ಬಂತು. ಮಾವನ ಕೈಯಲ್ಲಿ ಫೋನು ಕಪ್ಪಾಗಿತ್ತು. ಚೀರಾಟ ನಿಲ್ಲಿಸಲು ಗಾಬರಿಯಲ್ಲಿ ಏನೇನೋ ಒತ್ತಿದ್ದರಂತೆ, ಈಗ ಅದರ ಮೇಲೆ ಒಂದೇ ಒಂದು ಸಾಲಿತ್ತು: ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ. ನನಗೆ ಬಂದ ಸುದ್ದಿಯನ್ನು ಹೇಳಿದೆ. ಅವರ ಬಾಯೊಳಗಿನ ಶೇಂಗಾ ಅಲ್ಲೇ ನಿಂತಿತು.

"ನಿನ್ನ ಅತ್ತಿಗೂ ಹೋಗ್ಯದೇನು ಯವ್ವ, ಈ ಸುದ್ದಿ?"

ಪಕ್ಕದ ಮನೆಯಾಕೆಗೆ ಹಚ್ಚಿದೆ. ಆಕೆ ಹೇಳಿದ್ದು ಇಷ್ಟು: "ಅಕ್ಕ ಆಗ್ಲೇ ಹೋಗ್ಯಾಳ್ರಿ. ಸೂಜಿ ಮಾಡ್ಕೊಂಡು ಊಟಕ್ಕ ಕುಂತಿದ್ಳು. ಫೋನ್ ನೋಡಿದಾಕಿನೇ ಎದ್ದು ಮನಿಗಿ ಕೀಲಿ ಹಾಕಿ ಬಸ್ಸಿಗಿ ಓಡಿದ್ಳು. ಒಂದು ತುತ್ತು ತಿಂದಿಲ್ಲ."

ಹೆದರಿಕೆ ಎಂದರೆ ಏನೆಂದು ನಾನು ಅವತ್ತು ನೋಡಿದೆ. ತಾಂಡೂರಿನಿಂದ ಖೇಡಕ್ಕೆ ಹೋಗುವವರು ನಮ್ಮ ಜಹೀರಾಬಾದಿನಲ್ಲೇ ಬಸ್ಸು ಬದಲಿಸಬೇಕು, ಅಲ್ಲೇ ಕಾಯುತ್ತ ನಾನು ಅತ್ತೆಗೆ ಮತ್ತೆ ಮತ್ತೆ ಹಚ್ಚಿದೆ. ನನ್ನ ಕರೆ ಅತ್ತೆಯ ಫೋನಿನಲ್ಲಿ ಸದ್ದೇ ಮಾಡುವುದಿಲ್ಲವಲ್ಲ, ಹಾಗೆ ಮಾಡಿಟ್ಟ ಪುಣ್ಯಾತ್ಮ ನನ್ನ ಎದುರಿಗೇ ನಿಂತಿದ್ದರು. ಅಲ್ಲಿ ಸದ್ದು ಮಾಡಿಸಬಲ್ಲ ಏಕೈಕ ಫೋನು, ಅಂದರೆ ಮಾವನದು, ಅಪ್‌ಡೇಟ್ ಆಗುತ್ತಿತ್ತು. ಬಿಳಿ ಗೆರೆ ಹನಿಹನಿಯಾಗಿ ಮುಂದೆ ಸರಿಯುತ್ತಿತ್ತು. ಕಲ್ಲಿನ ಕಟ್ಟೆಯ ಮೇಲೆ ಕೂತು ಮಾವ ಅದನ್ನೇ ನೋಡುತ್ತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಬೈಯುವುದನ್ನು ಬಿಟ್ಟು ಅವರ ಪಕ್ಕದಲ್ಲಿ ಕೂತೆ.

ಕೊನೆಗೂ ಫೋನು ಬೆಳಗಿತು. ಮಾವ ಹಚ್ಚಿದರು. ಅತ್ತೆ ಎತ್ತಿದರು. ಬಸ್ಸಿನ ಗದ್ದಲದ ನಡುವೆ, "ಮಾತಾಡಾಕ ಬರ್ತದೇನ್ರಿ ನಿಮಗ?" ಎಂಬ ದನಿ ನನಗೂ ಕೇಳಿಸಿತು. ಮಾವ ತಾವು ಆರಾಮ ಇದ್ದದ್ದನ್ನು ಹೇಳಲೇ ಇಲ್ಲ. ಏನಾದರೂ ತಿಂದೆಯಾ, ಪಕ್ಕದವರ ಹತ್ತಿರ ಏನಿದ್ದರೂ ಕೇಳಿ ತಿನ್ನು ಎಂದು ಕೂಗಿದರು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ತಾಂಡೂರಿನ ಬಸ್ಸು ಒಳಗೆ ಬಂದಾಗ ಮಾವ ಅದರ ಜೊತೆಗೇ ಓಡಿದರು. ಅತ್ತೆ ಇಳಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಮಾವನ ತೋಳು, ಭುಜ, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಎಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಬೈಯಲು ಬಾಯಿ ತೆರೆದರು. ಮಾತು ತೊದಲಿತು. ನನಗೆ ಸಿಟ್ಟೆಂದು ಕಂಡದ್ದು ಮಾವನಿಗೆ ಬೇರೆಯಾಗಿ ಕಂಡಿತು. ಅವರು ಅತ್ತೆಯ ಮೇಲ್ದುಟಿಯ ಬೆವರನ್ನು ನೋಡಿದರು, ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು, ಬನಿಯನ್ನಿನ ಕಿಸೆಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದರು. ಬೆಲ್ಲ. ಮುರಿದು ಅವರ ಬಾಯಿಗಿಟ್ಟರು, ನೀರು ಕುಡಿಸಿದರು, ಮತ್ತೆ ಮುರಿದಿಟ್ಟರು. ಬಸ್‌ಸ್ಟ್ಯಾಂಡಿನ ಜನ ನೋಡುತ್ತಿದ್ದಾರೆಂಬ ಸಂಕೋಚ ಇಬ್ಬರಿಗೂ ಇರಲಿಲ್ಲ. ಹೊತ್ತು ಕಳೆದು ಅತ್ತೆಯ ಕೈ ನಡುಕ ನಿಂತಿತು.

"ಇದು ಯಾವಾಗಿಂದ ಇಟ್ಕೊಂಡೀರಿ?" ಎಂದರು ಅತ್ತೆ.

"ನೀ ಬಿದ್ದಾಗಿಂದ. ಇರುವಿ ಹತ್ತತಾವ, ಅದಕ್ಕ ಬದಲಿ ಮಾಡ್ತಿರ್ತೀನಿ."

"ನಾ ತಾಂಡೂರದಾಗ, ನೀವು ಖೇಡದಾಗ. ನಿಮ್ಮ ಕಿಸೆದಾಗಿನ ಬೆಲ್ಲ ನನಗ ಹ್ಯಾಂಗ ಮುಟ್ಟಬೇಕ್ರಿ?"

ಮಾವ ನೆಲ ನೋಡಿದರು. "ಗೊತ್ತದ. ಆದ್ರ ಬಿಟ್ಟು ಹೋಗಾಕ ಅಂಜಿಕಿ ಬರ್ತದ."

ನನಗೆ ಕಣ್ಣು ತುಂಬಿ ಬೇರೆ ಕಡೆ ನೋಡಬೇಕಾಯಿತು. ಮತ್ತೆ ತಿರುಗಿದಾಗ ಅತ್ತೆ ಉಳಿದ ಬೆಲ್ಲವನ್ನು ಕಾಗದದಲ್ಲಿ ಜೋಪಾನವಾಗಿ ಮಡಚುತ್ತಿದ್ದರು. ಮಡಚಿ, ಮಾವನ ಅಂಗಿಯೊಳಗೆ ಕೈಹಾಕಿ, ಇದ್ದ ಕಿಸೆಯಲ್ಲೇ ಮತ್ತೆ ಇಟ್ಟರು.